ನ್ಯೂಯಾರ್ಕ್ ನಿಕ್ಸ್: ಕೋಚ್ ಬದಲಾವಣೆ, ಗಾಯ ಮತ್ತು ಪತ್ರಿಕಾ ಸಂಬಂಧ

ನ್ಯೂಯಾರ್ಕ್ ನಿಕರ್‌ಬಾಕರ್ಸ್, ರೂಢಿಯ ಹೆಸರಿನಲ್ಲಿ ನಿಕ್ಸ್, ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಅತ್ಯಂತ ಹಳೆಯ ತಂಡಗಳಲ್ಲೊಂದು. 1946ರಲ್ಲಿ ಸ್ಥಾಪನೆಯಾದ ತಂಡ ಆ ವರ್ಷದ ನವೆಂಬರ್ 1ರಂದು ಟೊರಾಂಟೊ ಹಸ್ಕೀಸ್ ವಿರುದ್ಧ 68–66ರಿಂದ ಗೆದ್ದಿತು. ಎನ್‌ಬಿಎ ತನ್ನ ಇತಿಹಾಸವನ್ನು ಆ ಪಂದ್ಯದಿಂದಲೇ ಲೆಕ್ಕ ಹಾಕುತ್ತದೆ. 1970 ಮತ್ತು 1973ರಲ್ಲಿ ನಿಕ್ಸ್ ಚಾಂಪಿಯನ್ ಆಯಿತು. ಮಹಾನಗರವೊಂದರ ವೃತ್ತಿಪರ ತಂಡದಲ್ಲಿ ಆಟಗಾರರ ಗಾಯ, ಕೋಚ್‌ಗಳ ನೇಮಕ ಮತ್ತು ವಜಾ, ಪತ್ರಕರ್ತರೊಂದಿಗಿನ ಒಡನಾಟ ಇವು ಒಂದಕ್ಕೊಂದು ಹೇಗೆ ಹೆಣೆದುಕೊಳ್ಳುತ್ತವೆ ಎಂಬುದನ್ನು ಈ ತಂಡದ ಚರಿತ್ರೆಯಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆಗಳು ಕಡಿಮೆ. ಪ್ರಮುಖ ಆಟಗಾರ ಬಿದ್ದರೆ ಸೋಲುಗಳು ಸಾಲುಗಟ್ಟುತ್ತವೆ. ಸೋತಾಗ ಪತ್ರಿಕೆಗಳು ಹೊಣೆಗಾರನನ್ನು ಹುಡುಕುತ್ತವೆ. ಕೊನೆಗೆ ಕೆಲಸ ಹೋಗುವುದು ಕೋಚ್‌ನದು.

ತಂಡದ ತವರು ಅಂಗಣ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. 1968ರಲ್ಲಿ ತೆರೆದ ಈಗಿನ ಕಟ್ಟಡ ಮ್ಯಾನ್‌ಹ್ಯಾಟನ್‌ನ ಪೆನ್ ರೈಲು ನಿಲ್ದಾಣದ ನೆತ್ತಿಯ ಮೇಲೇ ಕೂತಿದ್ದು, ಬ್ಯಾಸ್ಕೆಟ್‌ಬಾಲ್‌ಗೆ 19,812 ಆಸನಗಳಿವೆ. ‘ನ್ಯೂಯಾರ್ಕ್ ಪೋಸ್ಟ್’ ಮತ್ತು ‘ಡೈಲಿ ನ್ಯೂಸ್’ ಎಂಬ ಎರಡು ಟ್ಯಾಬ್ಲಾಯ್ಡ್‌ಗಳ ಕೊನೆಯ ಪುಟ ಕ್ರೀಡೆಯ ಮುಖಪುಟವಿದ್ದಂತೆ. ದಪ್ಪ ಅಕ್ಷರದ ಒಂದೇ ತಲೆಬರಹ ಅಲ್ಲಿ ಪುಟ ತುಂಬುತ್ತದೆ. ಎದುರು ಕೂತವರು ಪತ್ರಿಕೆ ಬಿಡಿಸಿದಾಗ ಸಬ್‌ವೇ ಪ್ರಯಾಣಿಕರ ಕಣ್ಣಿಗೆ ಮೊದಲು ಬೀಳುವುದೂ ಅದೇ. 1987ರ ಜುಲೈ 1ರಂದು ಇದೇ ನಗರದಲ್ಲಿ ಡಬ್ಲ್ಯುಎಫ್‌ಎಎನ್ ಎಂಬ ಬಾನುಲಿ ಕೇಂದ್ರ ಇಪ್ಪತ್ನಾಲ್ಕು ಗಂಟೆಯೂ ಕ್ರೀಡಾ ಮಾತುಕತೆಯನ್ನೇ ಪ್ರಸಾರ ಮಾಡತೊಡಗಿತು. ರಾತ್ರಿ ಸೋತ ಪಂದ್ಯದ ಕುರಿತು ಬೆಳಗಿನ ಜಾವವೇ ಫೋನ್ ಮಾಡಿ ಕೋಚ್‌ನನ್ನು ತೆಗೆಯಿರಿ ಎಂದು ಬೈಯುವ ಅವಕಾಶ ಅಭಿಮಾನಿಗೆ ಸಿಕ್ಕಿತು. ಸಣ್ಣ ಊರಿನ ತಂಡ ಸದ್ದಿಲ್ಲದೆ ಐದು ವರ್ಷ ಕಾದು ಕಟ್ಟಿಕೊಳ್ಳಬಹುದು. ಇಲ್ಲಿ ಆ ವ್ಯವಧಾನ ವಿರಳ.

ಕೋಚ್ ಬದಲಾವಣೆ ನಿಜಕ್ಕೂ ಫಲ ಕೊಟ್ಟ ಅಪರೂಪದ ಸಂದರ್ಭ 1967ರ ಡಿಸೆಂಬರ್‌ನದು. ಡಿಕ್ ಮೆಗ್ವಾಯರ್ ಕೈಯಲ್ಲಿ ತಂಡ 15 ಗೆದ್ದು 22 ಸೋತಿತ್ತು. ಆಗ ಪ್ರತಿಭಾನ್ವೇಷಕರಾಗಿದ್ದ ರೆಡ್ ಹೋಲ್ಜ್‌ಮನ್ ಕೋಚ್ ಆದರು, ಮೆಗ್ವಾಯರ್ ಪ್ರತಿಭಾನ್ವೇಷಣೆಗೆ ಹೋದರು: ಇಬ್ಬರೂ ಕುರ್ಚಿ ಅದಲು ಬದಲು ಮಾಡಿಕೊಂಡರು, ಯಾರೂ ಹೊರಬೀಳಲಿಲ್ಲ. ಹೋಲ್ಜ್‌ಮನ್ ರಕ್ಷಣೆಯನ್ನೂ ಪಾಸ್ ಕೊಡುವುದನ್ನೂ ಪಟ್ಟುಹಿಡಿದು ಕಲಿಸಿದರು. ಎರಡೂ ಚಾಂಪಿಯನ್ ಪಟ್ಟ ಅವರ ಕಾಲದ್ದೇ. ನಿಕ್ಸ್ ಕೋಚ್ ಆಗಿ ಅವರು ಗೆದ್ದ ಪಂದ್ಯಗಳ ಸಂಖ್ಯೆ 613. ಆ ಸಂಖ್ಯೆಯನ್ನು ಬರೆದ ಪತಾಕೆ ಗಾರ್ಡನ್ ಛಾವಣಿಯಿಂದ ಇಳಿಬಿದ್ದಿದೆ.

ಗಾಯದ ಕಥೆಗಳಲ್ಲಿ ಎಲ್ಲಕ್ಕೂ ಮೊದಲು ನೆನಪಾಗುವುದು ನಾಯಕ ವಿಲಿಸ್ ರೀಡ್ ಅವರದು. 1970ರ ಮೇ 4ರಂದು ಲಾಸ್ ಏಂಜಲೀಸ್ ಲೇಕರ್ಸ್ ವಿರುದ್ಧದ ಫೈನಲ್ ಸರಣಿಯ ಐದನೇ ಪಂದ್ಯದಲ್ಲಿ ಅವರ ಬಲತೊಡೆಯ ಸ್ನಾಯು ಹರಿಯಿತು. ಅವರಿಲ್ಲದೆ ಆಡಿದ ಆರನೇ ಪಂದ್ಯದಲ್ಲಿ ಲೇಕರ್ಸ್ ತಂಡದ ಏಳಡಿ ಎತ್ತರದ ವಿಲ್ಟ್ ಚೇಂಬರ್ಲೇನ್ ಅವರನ್ನು ತಡೆಯುವವರೇ ಇರಲಿಲ್ಲ. ಒಬ್ಬರೇ 45 ಅಂಕ ಗಳಿಸಿದರು. ಮೇ 8ರ ನಿರ್ಣಾಯಕ ಪಂದ್ಯಕ್ಕೆ ಮುಂಚೆ ಆಟಗಾರರು ಅಂಗಣದಲ್ಲಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದಾಗ ರೀಡ್ ಒಳಗೆ ನೋವಿನ ಚುಚ್ಚುಮದ್ದು ಹಾಕಿಸಿಕೊಳ್ಳುತ್ತಿದ್ದರು. ಸುರಂಗದ ಬಾಯಿಯಿಂದ ಕುಂಟುತ್ತಾ ಅವರು ಹೊರಬಂದಾಗ ಗಾರ್ಡನ್ ಗುಡುಗಿತು. ಲೇಕರ್ಸ್ ಆಟಗಾರರು ಚೆಂಡು ಹಿಡಿದು ನಿಂತು ನೋಡಿದರು. ಪಂದ್ಯ ಶುರುವಾದ ಕೂಡಲೇ ರೀಡ್ ದೂರದಿಂದ ಎಸೆದ ಎರಡು ಚೆಂಡುಗಳು ಬುಟ್ಟಿ ಸೇರಿದವು. ಆಮೇಲೆ ಅವರು ಒಂದಂಕವನ್ನೂ ಗಳಿಸಲಿಲ್ಲ, ಬೇಕಾಗಲೂ ಇಲ್ಲ. ವಾಲ್ಟ್ ಫ್ರೇಜಿಯರ್ 36 ಅಂಕ ಗಳಿಸಿ, 19 ಬಾರಿ ಸಹ ಆಟಗಾರರಿಗೆ ಅಂಕದ ದಾರಿ ಮಾಡಿಕೊಟ್ಟರು. ನಿಕ್ಸ್ 113–99ರಿಂದ ಗೆದ್ದಿತು. ಗೆದ್ದ ರಾತ್ರಿಯನ್ನು ಫ್ರೇಜಿಯರ್ ಅವರ ಅಂಕಗಳಿಗಿಂತ ರೀಡ್ ಅವರ ಕುಂಟುನಡೆಯಿಂದಲೇ ಜನ ನೆನೆಯುತ್ತಾರೆ. ಅದೇ ರೀಡ್ 1977ರಲ್ಲಿ ಕೋಚ್ ಆಗಿ ಬಂದಾಗ ಈ ನೆನಪು ಅವರನ್ನು ಕಾಯಲಿಲ್ಲ: ಎರಡನೇ ಸೀಸನ್‌ನ 14 ಪಂದ್ಯ ಮುಗಿಯುವಷ್ಟರಲ್ಲಿ ಅವರನ್ನು ತೆಗೆದು ಹೋಲ್ಜ್‌ಮನ್ ಅವರನ್ನು ಮರಳಿ ಕರೆತರಲಾಯಿತು.

ಬರ್ನಾರ್ಡ್ ಕಿಂಗ್ ಅವರ ಗಾಯದಲ್ಲಿ ಇಂಥ ವೈಭವವಿಲ್ಲ. 1984–85ರಲ್ಲಿ ಪಂದ್ಯಕ್ಕೆ ಸರಾಸರಿ 32.9 ಅಂಕಗಳೊಂದಿಗೆ ಅವರು ಇಡೀ ಲೀಗ್‌ಗೆ ಮೊದಲಿಗರಾಗಿದ್ದರು. 1985ರ ಮಾರ್ಚ್ 23ರಂದು ಕ್ಯಾನ್ಸಸ್ ಸಿಟಿಯಲ್ಲಿ ಎದುರಾಳಿಯನ್ನು ತಡೆಯಲು ಓಡುವಾಗ ಅವರ ಬಲಮಂಡಿಯ ಲಿಗಮೆಂಟ್ ಹರಿಯಿತು. ಮೊಣಕಾಲಿನ ಎರಡು ಎಲುಬುಗಳನ್ನು ಅಡ್ಡಡ್ಡವಾಗಿ ಬಿಗಿದಿಡುವ ಈ ಕಟ್ಟು ತುಂಡಾದರೆ ಹಠಾತ್ ನಿಲ್ಲುವುದು, ತಿರುಗುವುದು ಕಷ್ಟ. ಆ ಕಾಲದಲ್ಲಿ ಅದು ಬಹುತೇಕ ವೃತ್ತಿಜೀವನದ ಅಂತ್ಯ. ಮುಂದಿನ ಸೀಸನ್ ಪೂರ್ತಿ ಕಿಂಗ್ ಆಡಲಿಲ್ಲ. ಕೋಚ್ ಹ್ಯೂಬಿ ಬ್ರೌನ್ ಕೈಗೆ ತಂಡದ ಅರ್ಧ ಬಲವಷ್ಟೇ ಉಳಿದಿತ್ತು. 1986ರ ಡಿಸೆಂಬರ್‌ನಲ್ಲಿ, 4 ಗೆದ್ದು 12 ಸೋತಿದ್ದಾಗ ಅವರನ್ನು ವಜಾ ಮಾಡಲಾಯಿತು. ಕಿಂಗ್ ತಂಡದ ಕಣ್ಣಿನಿಂದಲೂ ಕ್ಯಾಮೆರಾಗಳಿಂದಲೂ ದೂರ ಉಳಿದು ಚೇತರಿಸಿಕೊಂಡು, 1987ರ ಏಪ್ರಿಲ್‌ನಲ್ಲಿ ಆರು ಪಂದ್ಯ ಆಡಿದರು. ನಿಕ್ಸ್ ಅವರನ್ನು ಬಿಟ್ಟುಕೊಟ್ಟಿತು. ವಾಷಿಂಗ್ಟನ್ ಪರ ಆಡುತ್ತಾ 1991ರಲ್ಲಿ ಅವರು ಮತ್ತೆ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದರು. ತಾಳ್ಮೆ ತೋರಿದ್ದರೆ ಆ ವರ್ಷಗಳು ನ್ಯೂಯಾರ್ಕ್‌ನವೇ ಆಗುತ್ತಿದ್ದವು.

1991ರಲ್ಲಿ ಕೋಚ್ ಆಗಿ ಬಂದ ಪ್ಯಾಟ್ ರೈಲಿ ನಾಲ್ಕು ಸೀಸನ್‌ಗಳಲ್ಲೂ 50ಕ್ಕಿಂತ ಹೆಚ್ಚು ಪಂದ್ಯ ಗೆಲ್ಲಿಸಿ, 1994ರಲ್ಲಿ ಫೈನಲ್‌ಗೆ ಕರೆದೊಯ್ದರು. 1995ರ ಜೂನ್ 15ರಂದು ಅವರ ರಾಜೀನಾಮೆ ಫ್ಯಾಕ್ಸ್‌ನಲ್ಲಿ ಬಂತು. ಅವರು ಮಯಾಮಿ ಹೀಟ್ ಸೇರಿದರು. ಒಪ್ಪಂದದಲ್ಲಿದ್ದವರನ್ನು ಸೆಳೆದರೆಂದು ನಿಕ್ಸ್ ದೂರು ಕೊಟ್ಟ ಮೇಲೆ ಮಯಾಮಿ 10 ಲಕ್ಷ ಡಾಲರ್ ಜತೆಗೆ ಮೊದಲ ಸುತ್ತಿನ ಆಟಗಾರ ಆಯ್ಕೆಯ ಹಕ್ಕೊಂದನ್ನು ತೆತ್ತಿತು. ನಂತರ ಬಂದ ಡಾನ್ ನೆಲ್ಸನ್ ಅವರನ್ನು 34–25ರ ಗೆಲುವಿನ ದಾಖಲೆ ಇದ್ದಾಗಲೇ ತೆಗೆದರು. ಸಹಾಯಕ ಜೆಫ್ ವ್ಯಾನ್ ಗಂಡಿ ಮೇಲೇರಿದರು. 1999ರಲ್ಲಿ ಇಂಡಿಯಾನಾ ವಿರುದ್ಧದ ಸರಣಿಯ ಮಧ್ಯೆ ಪ್ರಮುಖ ಆಟಗಾರ ಪ್ಯಾಟ್ರಿಕ್ ಯೂಯಿಂಗ್ ಅವರ ಹಿಮ್ಮಡಿಯ ಸ್ನಾಯುಬಂಧ ಭಾಗಶಃ ಹರಿದರೂ ಎಂಟನೇ ಶ್ರೇಯಾಂಕದ ತಂಡ ಫೈನಲ್ ತಲುಪಿತು. ಅಲ್ಲಿ ಸ್ಯಾನ್ ಆಂಟೊನಿಯೊಗೆ 4–1ರಿಂದ ಮಣಿಯಿತು.

2001ರ ಡಿಸೆಂಬರ್‌ನಲ್ಲಿ ವ್ಯಾನ್ ಗಂಡಿ ತಾವಾಗಿಯೇ ಬಿಟ್ಟುಹೋದ ಮೇಲೆ 2020ರವರೆಗೆ ಹಂಗಾಮಿಗಳೂ ಸೇರಿ 12 ಮಂದಿ ಕೋಚ್ ಕುರ್ಚಿಯಲ್ಲಿ ಕೂತರು. ಅಷ್ಟೂ ಅವಧಿಯಲ್ಲಿ ಸೀಸನ್ ಕೊನೆಯ ಪ್ಲೇಆಫ್ ಹಂತದಲ್ಲಿ ಗೆದ್ದದ್ದು ಒಂದೇ ಸರಣಿ, 2013ರಲ್ಲಿ ಮೈಕ್ ವುಡ್ಸನ್ ಕೈಕೆಳಗೆ. ಹೆಸರುಗಳು ಬದಲಾದವು, ರೋಗ ಬದಲಾಗಲಿಲ್ಲ ಎನ್ನಲು ಇಷ್ಟು ಸಾಕು.

ಪತ್ರಕರ್ತರೊಂದಿಗಿನ ಸಂಬಂಧ ಹದಗೆಟ್ಟದ್ದೂ ಈ ಕಾಲದಲ್ಲೇ. ಮಾಲೀಕ ಜೇಮ್ಸ್ ಡೋಲನ್ ಅವರ ಆಡಳಿತದಲ್ಲಿ ಆಟಗಾರನ ಜತೆ ಯಾವ ವರದಿಗಾರ ಮಾತನಾಡಿದರೂ ತಂಡದ ಪ್ರಚಾರ ವಿಭಾಗದವರು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವುದು ವಾಡಿಕೆಯಾಯಿತು. ಇದರ ಪರಾಕಾಷ್ಠೆ 2006ರದು. ಹಿಂದಿನ ವರ್ಷ ಐದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದ್ದ ಲ್ಯಾರಿ ಬ್ರೌನ್ ಅವರ ತಂಡ 23 ಗೆದ್ದು 59 ಸೋತಿತ್ತು. ತೆಗೆಯುತ್ತಾರೆಂಬ ಸುದ್ದಿ ಹಬ್ಬಿದರೂ ಆಡಳಿತ ತುಟಿ ಬಿಚ್ಚಲಿಲ್ಲ. ತರಬೇತಿ ಕೇಂದ್ರದ ಒಳಗೆ ಪತ್ರಕರ್ತರಿಗೆ ಪ್ರವೇಶವಿಲ್ಲದ್ದರಿಂದ ಅವರು ಹೊರಗೆ ರಸ್ತೆಯಲ್ಲೇ ಕಾದರು. ಬ್ರೌನ್ ಕಾರು ನಿಲ್ಲಿಸಿ ಅವರ ಪ್ರಶ್ನೆಗಳಿಗೆ ಉತ್ತರಿಸಿದರು. ಜೂನ್‌ನಲ್ಲಿ ವಜಾ ಆದ ಮೇಲೆ, ಅನುಮತಿಯಿಲ್ಲದೆ ಪತ್ರಕರ್ತರ ಜತೆ ಮಾತನಾಡಿದ್ದೂ ಒಂದು ಕಾರಣವೆಂದು ಹೇಳಿ ನಿಕ್ಸ್ ಬಾಕಿ ಸಂಬಳ ಕೊಡಲು ನಿರಾಕರಿಸಿತು. ವಿವಾದ ಲೀಗ್ ಕಮಿಷನರ್ ಡೇವಿಡ್ ಸ್ಟರ್ನ್ ಮುಂದೆ ಹೋಗಿ, 1.85 ಕೋಟಿ ಡಾಲರ್‌ಗೆ ರಾಜಿಯಾಯಿತು. ದಾರಿಬದಿಯ ಕೆಲವು ನಿಮಿಷಗಳ ಮಾತು ಕೋಟಿಗಟ್ಟಲೆ ಡಾಲರ್‌ಗಳ ತಕರಾರಿನ ಭಾಗವಾದದ್ದು ಹೀಗೆ. 2019ರ ಜೂನ್ 21ರ ಸುದ್ದಿಗೋಷ್ಠಿಗೆ ‘ಡೈಲಿ ನ್ಯೂಸ್’ ಒಂದನ್ನೇ ಹೊರಗಿಟ್ಟಾಗ ಎನ್‌ಬಿಎ ತಂಡಕ್ಕೆ 50,000 ಡಾಲರ್ ದಂಡ ಹಾಕಿತು. ಎಲ್ಲ ಮಾಧ್ಯಮಗಳಿಗೂ ಸಮಾನ ಪ್ರವೇಶ ಕೊಡಬೇಕೆಂಬುದು ಲೀಗ್‌ನ ನಿಯಮ.

ಅದೇ ವರ್ಷ ನವೆಂಬರ್ 10ರಂದು ಕ್ಲೀವ್‌ಲ್ಯಾಂಡ್ ಎದುರು ಸೋತ ರಾತ್ರಿ ತಂಡದ ಅಧ್ಯಕ್ಷ ಸ್ಟೀವ್ ಮಿಲ್ಸ್ ಮತ್ತು ಪ್ರಧಾನ ವ್ಯವಸ್ಥಾಪಕ ಸ್ಕಾಟ್ ಪೆರಿ ಪತ್ರಕರ್ತರ ಮುಂದೆ ಬಂದು ಅತೃಪ್ತಿ ಹೇಳಿಕೊಂಡರು. ಕೋಚ್ ಡೇವಿಡ್ ಫಿಜ್‌ಡೇಲ್ ಅವರ ದಿನ ಎಣಿಕೆ ಅಲ್ಲಿಂದಲೇ ಶುರುವಾಯಿತು. ಡಿಸೆಂಬರ್ 6ರಂದು, 4–18ರಲ್ಲಿದ್ದಾಗ, ಅವರು ಹೊರಬಿದ್ದರು. ಇಂಥ ಪ್ರಸಂಗದಲ್ಲಿ ಸುದ್ದಿಗೋಷ್ಠಿ ಮಾಹಿತಿ ಕೊಡುವ ಜಾಗವಾಗಿ ಉಳಿಯುವುದಿಲ್ಲ, ಹೊಣೆ ದಾಟಿಸುವ ಜಾಗವಾಗುತ್ತದೆ.

ಮಾಧ್ಯಮದ ಅಬ್ಬರಕ್ಕೆ ಇನ್ನೊಂದು ಮುಖವೂ ಇದೆ. 2012ರ ಫೆಬ್ರುವರಿ 4ರಂದು, ಗಾಯಾಳುಗಳಿಂದ ತಂಡ ತೆಳುವಾಗಿದ್ದಾಗ, ಬೆಂಚಿನಲ್ಲಿದ್ದ ಜೆರೆಮಿ ಲಿನ್ ಅವರನ್ನು ಕೋಚ್ ಮೈಕ್ ಡಿ’ಆಂಟೊನಿ ಕಣಕ್ಕಿಳಿಸಿದರು. ಲಿನ್ 25 ಅಂಕ ಗಳಿಸಿದರು. ತಂಡ ಸತತ ಏಳು ಪಂದ್ಯ ಗೆದ್ದಿತು. ಟ್ಯಾಬ್ಲಾಯ್ಡ್‌ಗಳು ದಿನವೂ ಅವರ ಹೆಸರಿನಿಂದ ಹೊಸ ಪದ ಹುಟ್ಟಿಸಿದವು. ಮಾರ್ಚ್ 14ರಂದು ಡಿ’ಆಂಟೊನಿ ರಾಜೀನಾಮೆ ಕೊಟ್ಟರು. ಮಂಡಿಯ ಮೃದ್ವಸ್ಥಿ ಹರಿದು ಲಿನ್ ಅವರ ಸೀಸನ್ ಅಲ್ಲಿಗೇ ಮುಗಿಯಿತು, ಬೇಸಗೆಯಲ್ಲಿ ಅವರು ಹ್ಯೂಸ್ಟನ್‌ಗೆ ಹೋದರು.

ಗಾಯದ ಸುದ್ದಿಯನ್ನು ಮುಚ್ಚಿಡುವ ಸ್ವಾತಂತ್ರ್ಯ ಈಗ ತಂಡಗಳಿಗಿಲ್ಲ. ಯಾರು ಆಡಬಹುದು, ಯಾರದು ಅನುಮಾನ, ಯಾರು ಆಡುವುದಿಲ್ಲ ಎಂಬ ಪಟ್ಟಿಯನ್ನು ಪಂದ್ಯಕ್ಕೆ ಮುಂಚೆ ನಿಗದಿತ ಗಡುವಿನೊಳಗೆ ಎನ್‌ಬಿಎಗೆ ಸಲ್ಲಿಸಬೇಕು; ಲೀಗ್ ಅದನ್ನು ಬಹಿರಂಗಪಡಿಸುತ್ತದೆ. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ರೀಡಾ ಬೆಟ್ಟಿಂಗ್ ಮೇಲಿನ ಕೇಂದ್ರ ನಿರ್ಬಂಧವನ್ನು ರದ್ದುಪಡಿಸಿದ ಮೇಲೆ ಆಟಗಾರನ ಕಾಲು ನೋವಿನ ಮಾಹಿತಿಗೂ ಹಣದ ಬೆಲೆ ಬಂದಿರುವುದರಿಂದ ಈ ಪಾರದರ್ಶಕತೆ ಅಗತ್ಯವೇ.

2020ರಲ್ಲಿ ಕೋಚ್ ಆಗಿ ಬಂದ ಟಾಮ್ ಥಿಬೊಡೊ ತಂಡಕ್ಕೆ ಮತ್ತೆ ಗೆಲುವಿನ ರೂಢಿ ತಂದರು. ಮುಖ್ಯ ಆಟಗಾರರನ್ನು ಅತಿಯಾಗಿ ಆಡಿಸುತ್ತಾರೆ ಎಂಬ ಟೀಕೆ ಅವರ ಬೆನ್ನು ಬಿಡಲಿಲ್ಲ. 2024ರಲ್ಲಿ ಜೂಲಿಯಸ್ ರ‍್ಯಾಂಡಲ್ ಅವರ ಭುಜ ಜಾರಿತು. ಇಂಡಿಯಾನಾ ವಿರುದ್ಧದ ಪ್ಲೇಆಫ್ ಸರಣಿಯ ಏಳನೇ ಪಂದ್ಯದಲ್ಲಿ ಜೇಲನ್ ಬ್ರನ್ಸನ್ ಅವರ ಎಡಗೈ ಮೂಳೆ ಮುರಿಯಿತು. ಮರುವರ್ಷ ತಂಡ 2000ದ ನಂತರ ಮೊದಲ ಬಾರಿ ಪೂರ್ವ ವಿಭಾಗದ ಫೈನಲ್ ತಲುಪಿ ಇಂಡಿಯಾನಾಗೇ ಸೋತಿತು. ಮೂರು ದಿನಗಳಲ್ಲಿ, 2025ರ ಜೂನ್ 3ರಂದು, ಥಿಬೊಡೊ ವಜಾ ಆದರು. ಡಲ್ಲಾಸ್, ಹ್ಯೂಸ್ಟನ್, ಮಿನ್ನೆಸೋಟ ಸೇರಿದಂತೆ ಹಲವು ತಂಡಗಳು ತಮ್ಮ ಕೋಚ್‌ಗಳ ಜತೆ ಮಾತನಾಡಲು ನಿಕ್ಸ್‌ಗೆ ಅನುಮತಿ ಕೊಡಲಿಲ್ಲ. ಜುಲೈನಲ್ಲಿ ಹುದ್ದೆ ಮೈಕ್ ಬ್ರೌನ್ ಅವರಿಗೆ ಸಂದಿತು. ಅವರನ್ನು ಸ್ಯಾಕ್ರಮೆಂಟೊ ಕಿಂಗ್ಸ್ ಹಿಂದಿನ ಡಿಸೆಂಬರ್‌ನಲ್ಲಿ, ಸೀಸನ್ ನಡುವೆಯೇ, ತೆಗೆದುಹಾಕಿತ್ತು.