ಕೂಸಿನ ಕರುಳು, ಕೂಸಿನ ಗುಣ

1885ರಲ್ಲಿ ಮ್ಯೂನಿಕ್ಕಿನ ಮಕ್ಕಳ ವೈದ್ಯ ಥಿಯೊಡೋರ್ ಎಶರಿಖ್ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ್ದು ಹಸುಗೂಸುಗಳ ಮಲವನ್ನು. ಹುಟ್ಟಿದ ಕೂಡಲೇ ಬರುವ ಕಪ್ಪು ಮಲದಲ್ಲಿ ಬ್ಯಾಕ್ಟೀರಿಯಾ ಕಾಣಲಿಲ್ಲ. ಒಂದು ದಿನದೊಳಗೆ ಅವು ಬಂದು ನೆಲೆಸಿದ್ದವು. ಇಂದು ನಾವೆಲ್ಲ ಬೈಯುವ ಈ. ಕೋಲಿ ಹೊತ್ತಿರುವುದು ಆತನ ಹೆಸರನ್ನೇ.

ಎಶರಿಖ್‌ಗೆ ಬೇಕಿದ್ದದ್ದು ಜೀರ್ಣಕ್ರಿಯೆಯ ಗುಟ್ಟು. ಒಂದು ಮಗು ರಚ್ಚೆ ಹಿಡಿಯುವುದೇಕೆ, ಇನ್ನೊಂದು ಎಲ್ಲರ ತೋಳಿಗೂ ಹಾರುವುದೇಕೆ ಎಂಬ ಪ್ರಶ್ನೆ ಕರುಳಿನತ್ತ ತಿರುಗಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. 2004ರಲ್ಲಿ ಜಪಾನಿನ ಸುಡೊ ಮತ್ತು ಸಂಗಡಿಗರು, ಸೂಕ್ಷ್ಮಜೀವಿ ಸೋಕದಂತೆ ಬೆಳೆಸಿದ ಇಲಿಗಳನ್ನು ಅಲುಗಾಡದಂತೆ ಹಿಡಿದಿಟ್ಟರು. ಅವುಗಳಲ್ಲಿ ಒತ್ತಡದ ಹಾರ್ಮೋನು ವಿಪರೀತ ಏರಿತು. ಬಿಫಿಡೊಬ್ಯಾಕ್ಟೀರಿಯಾ ಕೊಟ್ಟ ಇಲಿಗಳಲ್ಲಿ ಆ ಏರಿಕೆ ತಗ್ಗಿತು.

2015ರಲ್ಲಿ ಅಮೆರಿಕದ ಓಹಾಯೊದಲ್ಲಿ ಒಂದೂವರೆಯಿಂದ ಎರಡೂಕಾಲು ವರ್ಷದ 77 ಮಕ್ಕಳನ್ನು ನೋಡಿದರು. ಚುರುಕಾಗಿ ಎಲ್ಲರೊಡನೆ ಬೆರೆಯುವ ಮಕ್ಕಳ ಕರುಳಿನಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಿತ್ತು. ಇತಿಹಾಸದ ವಿದ್ಯಾರ್ಥಿಯಾದ ನಾನು ತಡೆದು ನಿಲ್ಲುವುದು ಇಲ್ಲೇ. ಮಲವನ್ನು ಅಳೆದದ್ದು ಯಂತ್ರ. ಸ್ವಭಾವವನ್ನು ಅಳೆದದ್ದು ತಾಯಂದಿರು ತುಂಬಿಕೊಟ್ಟ ಪ್ರಶ್ನಾವಳಿ. ಮಗು ಅತ್ತರೆ ತಾಯಿಯ ಹಾಲನ್ನೋ ಪಥ್ಯವನ್ನೋ ದೂರುವ ಹಳೆಯ ಚಾಳಿ ನಮ್ಮಲ್ಲಿದೆ. ಅದಕ್ಕೀಗ ಪ್ರಯೋಗಾಲಯದ ಮುದ್ರೆ ಸಿಕ್ಕಿತೆಂದು ಬೀಗುವವರಿಗೆ ಈ ಅಧ್ಯಯನ ಆಸರೆಯಾಗದು. ಬ್ಯಾಕ್ಟೀರಿಯಾ ಗುಣವನ್ನು ತಿದ್ದಿತೋ, ಕಂಡದ್ದನ್ನೆಲ್ಲ ಬಾಯಿಗಿಡುವ ತುಂಟ ಕೂಸೇ ಬ್ಯಾಕ್ಟೀರಿಯಾವನ್ನು ಕರೆತಂದಿತೋ, ಅದರಿಂದ ತಿಳಿಯದು.