ಸ್ವಂತ ಉದ್ಯೋಗಕ್ಕೆ ದಾರಿ: ರುಡ್‌ಸೆಟ್ ತರಬೇತಿ ಮತ್ತು ಸಾಲ ಸೌಲಭ್ಯ

ಓದಿದ ಮಕ್ಕಳು ನೌಕರಿಗೆಂದು ಪಟ್ಟಣ ಸೇರಿ, ಊರಿನಲ್ಲಿ ತಂದೆಯ ಅಂಗಡಿ ಮುಚ್ಚುವುದು ನಮ್ಮ ಅನೇಕ ಕುಟುಂಬಗಳ ಚಿಂತೆ. ಇದಕ್ಕೆ ಪರಿಹಾರದ ಒಂದು ದಾರಿ ನಮ್ಮ ನಾಡಿನಲ್ಲೇ ಇದೆ.

ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸಹಯೋಗದೊಂದಿಗೆ 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಜಾತಿ ಮತ ಭೇದವಿಲ್ಲದೆ ನಿರುದ್ಯೋಗಿ ಯುವಕ ಯುವತಿಯರಿಗೆ ಊಟ, ವಸತಿ ಸಹಿತ ಉಚಿತ ತರಬೇತಿ ನೀಡುವುದು ಇದರ ಕ್ರಮ. ಹೊಲಿಗೆ, ಮೊಬೈಲ್ ರಿಪೇರಿ, ಹೈನುಗಾರಿಕೆಯಂತಹ ಕಸುಬಿನ ಜೊತೆಗೆ ಲೆಕ್ಕಪತ್ರ, ಮಾರುಕಟ್ಟೆ, ಬ್ಯಾಂಕ್ ವ್ಯವಹಾರವನ್ನೂ ಕಲಿಸುತ್ತಾರೆ. ತರಬೇತಿ ಮುಗಿದ ಮೇಲೂ ಸಂಪರ್ಕ ಬಿಡದೆ ಮಾರ್ಗದರ್ಶನ ನೀಡುವುದೇ ಇದರ ವಿಶೇಷ. ಇದೇ ಮಾದರಿಯಲ್ಲಿ ಮುಂದೆ ದೇಶದ ಜಿಲ್ಲೆಗಳಲ್ಲಿ ಆರ್‌ಸೆಟಿ ಕೇಂದ್ರಗಳು ಬಂದವು.

ಬಂಡವಾಳ: ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂ., ಕಿಶೋರ್‌ನಲ್ಲಿ 5 ಲಕ್ಷ, ತರುಣ್‌ನಲ್ಲಿ 10 ಲಕ್ಷದವರೆಗೆ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ. ಈಗಾಗಲೇ ಅಂಗಡಿ ನಡೆಸುವವರೂ ಅರ್ಜಿ ಹಾಕಬಹುದು.

ಅಲ್ಪಸಂಖ್ಯಾತ ಸ್ಥಾನ: 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನ ದೊರೆಯಿತು. ಹೀಗಾಗಿ ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯ ಮಾರ್ಗಸೂಚಿಯಲ್ಲಿ ನಮ್ಮವರು ವಿಶೇಷ ವರ್ಗಕ್ಕೆ ಸೇರುತ್ತಾರೆ: ಸ್ವಂತ ವಂತಿಗೆ ಶೇ. 5, ಸಬ್ಸಿಡಿ ಪಟ್ಟಣದಲ್ಲಿ ಶೇ. 25, ಹಳ್ಳಿಯಲ್ಲಿ ಶೇ. 35. ಇದು ಹೊಸ ಘಟಕಗಳಿಗೆ ಮಾತ್ರ. ಅರ್ಜಿಗೆ ಮುನ್ನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಈಗಿನ ನಿಯಮ ವಿಚಾರಿಸಬೇಕು.

ಗಮನಿಸಿ: ಉದ್ಯಮ್ ನೋಂದಣಿ ಸಂಪೂರ್ಣ ಉಚಿತ. ಮಧ್ಯವರ್ತಿಗಳಿಗೆ ಹಣ ಕೊಡಬೇಡಿ. ಸಬ್ಸಿಡಿ ಆಸೆಗೆ ಸಾಲ ಮಾಡದೆ, ಕಸುಬು ಕಲಿತು ಗಿರಾಕಿ ಇರುವುದನ್ನು ಖಚಿತಪಡಿಸಿಕೊಂಡೇ ಮುಂದುವರಿಯುವುದು ಕ್ಷೇಮ.