ಕರಿ ಹರಿಯುವ ಹುಣ್ಣಿಮೆ



ಮಂಗೋಲಿಯ ದೇಶದಲ್ಲಿ ವರ್ಷಂಪ್ರತಿ ಜುಲೈ 11ರಿಂದ ಮೂರು ದಿನಗಳ ಪರ್ಯಂತ ‘ನಾದಮ್’ ಎಂಬ ಬೇಸಗೆಯ ಉತ್ಸವವು ನಡೆಯುವುದು. ಮಲ್ಲಯುದ್ಧ, ಕುದುರೆಯ ಓಟ, ಬಿಲ್ಲುವಿದ್ಯೆಗಳು ಅದರ ಮೂರು ಅಂಗಗಳು. ಎರಡು ವರ್ಷದ ಮರಿಗುದುರೆಗಳ ಪಂದ್ಯದಲ್ಲಿ ಕಟ್ಟಕಡೆಗೆ ಬಂದ ಮರಿಯನ್ನೂ ಆ ಜನರು ಹಾಡಿ ಹರಸುವರು. ಕುದುರೆಯನ್ನೇ ಬಾಳಿನ ಆಧಾರವಾಗಿ ಉಳ್ಳ ಜನಕ್ಕೆ ಸೋತ ಕುದುರೆಯೂ ಪೂಜ್ಯವೇ ಅಲ್ಲವೇ? ಆ ಜನಕ್ಕೆ ಕುದುರೆ ಹೇಗೋ, ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಗಳಿಗೆ ಎತ್ತು ಹಾಗೆ. ಅದರ ಹಬ್ಬವೇ ಜ್ಯೇಷ್ಠಮಾಸದ ಕಾರಹುಣ್ಣಿಮೆ.

ಆ ದಿನ ಎತ್ತುಗಳಿಗೆ ನೊಗವಿಲ್ಲ. ಅವುಗಳ ಮೈ ತೊಳೆದು, ಕೋಡುಗಳಿಗೆ ಬಣ್ಣವನ್ನೂ ಹಣೆಗೆ ಗೊಂಡೆಯನ್ನೂ ಕೊರಳಿಗೆ ಗೆಜ್ಜೆಯನ್ನೂ ಕಟ್ಟುವರು. ಸಂಜೆ ಊರ ಬಾಗಿಲಿಗೆ ಅಡ್ಡವಾಗಿ ಕಟ್ಟಿದ ಎಲೆಗಳ ಹಗ್ಗವೇ ‘ಕರಿ’. ಓಡಿ ಬಂದು ಮೊದಲು ಅದನ್ನು ಹರಿದ ಎತ್ತು ಬಿಳಿಯದಾದರೆ ಜೋಳದಂತಹ ಬಿಳಿಯ ಬೆಳೆಯೂ, ಕೆಂಪಾದರೆ ಕೆಂಪು ಬೆಳೆಯೂ ಆ ವರ್ಷ ಹುಲುಸೆಂದು ಹಿರಿಯರು ನುಡಿಯುವರು. ಇದನ್ನು ಮೌಢ್ಯವೆಂದು ನಗುವವರುಂಟು. ಆದರೆ ಮಳೆಯನ್ನೇ ನಂಬಿದ ರೈತನು ಬಿತ್ತನೆಯ ಹೊಸ್ತಿಲಲ್ಲಿ ನಿಂತು ಧೈರ್ಯ ತಂದುಕೊಳ್ಳುವ ಬಗೆ ಇದು.

ಈ ನೆಲದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಅರಮನೆಗಳಿಂದ ಬರೆಯುತ್ತೇವೆ. ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ‘ಕವಿರಾಜಮಾರ್ಗ’ವು ಹುಟ್ಟಿದ್ದು ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. 972ರಲ್ಲಿ ಪರಮಾರ ಸೀಯಕನು ಆ ರಾಜಧಾನಿಯನ್ನು ಸೂರೆಗೊಂಡನು. ಮುಂದೆ ಚಿಂಚೋಳಿಯ ವಾಯವ್ಯಕ್ಕಿರುವ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ, ಗಜವಿನೋದ ಮುಂತಾದ ರಾಜವಿನೋದಗಳ ವಿವರಣೆಯಿದೆ. ಆದರೆ ಕನ್ನಡನಾಡಿನ ವೀರಗಲ್ಲುಗಳನ್ನು ನೋಡಿರಿ: ತುರುಗಳನ್ನು ಕಳ್ಳರಿಂದ ಬಿಡಿಸಲು ಹೋರಾಡಿ ಮಡಿದವರ ನೆನಪಿಗೆ ನಿಂತ ಕಲ್ಲುಗಳು ಎಷ್ಟೊಂದು! ದನವನ್ನು ಪ್ರಾಣಕ್ಕಿಂತ ಹೆಚ್ಚೆಂದು ಎಣಿಸಿದ ಜನರ ಚರಿತ್ರೆಯೂ ಚರಿತ್ರೆಯೇ.

ಕಾಲವು ಬೇರೆ ಬೇರೆ ರೀತಿಗಳಲ್ಲಿ ಬಂದಿತು. 1874ರಲ್ಲಿ ಸಿಕಂದರಾಬಾದಿನ ರೈಲುಮಾರ್ಗವು ವಾಡಿಯನ್ನು ಮುಟ್ಟಿತು, ಶಹಾಬಾದಿನ ಹಾಸುಗಲ್ಲು ದೂರದೂರದ ಮನೆಗಳ ನೆಲವಾಯಿತು, ಸಿಮೆಂಟಿನ ಕಾರ್ಖಾನೆಗಳೆದ್ದವು. ಇವುಗಳಲ್ಲಿ ಯಾವುದೂ ಕರಿಯ ಹಗ್ಗವನ್ನು ಬಿಚ್ಚಲಿಲ್ಲ. ಅದನ್ನು ಸಡಿಲಿಸುತ್ತಿರುವುದು ಟ್ರ್ಯಾಕ್ಟರು. ಅದನ್ನು ದೂಷಿಸುವುದು ನ್ಯಾಯವಲ್ಲ. ಬೆನ್ನುಬಾಗಿದ ರೈತನಿಗೆ ಅದು ಉಪಕಾರಿಯೇ.

ಕೆಲವು ವರ್ಷಗಳ ಹಿಂದೆ ನೆರೆಮನೆಯವರೊಡನೆಯೂ ಮಿತ್ರರೊಡನೆಯೂ ಈ ಹಬ್ಬವನ್ನು ನೋಡಲು ಸೇಡಂ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದೆನು. ನೆರೆಯ ವೃದ್ಧರೊಬ್ಬರು ಆ ಚೈತ್ರದಲ್ಲಿಯೇ ತಮ್ಮ ಜೋಡೆತ್ತುಗಳನ್ನು ಮಾರಿದ್ದರು. ಆದರೂ ಹಳೆಯ ಗೆಜ್ಜೆಸರವನ್ನು ಉಜ್ಜಿ ಕೈಯಲ್ಲಿ ಹಿಡಿದು ಬಂದಿದ್ದರು. ಕೆಂಪೆತ್ತೊಂದು ಕರಿಯನ್ನು ಹರಿಯಿತು, ಊರೆಲ್ಲ ಕೂಗಿತು. ಅವರು ಮಾತ್ರ ಹಿಂದಕ್ಕುಳಿದ ಮುದಿಯೆತ್ತೊಂದರ ಬಳಿಗೆ ಹೋಗಿ, ಅದರ ಕೊರಳಿಗೆ ತಮ್ಮ ಗೆಜ್ಜೆಯನ್ನು ಕಟ್ಟಿ, ಬೆನ್ನು ಸವರಿ ಮೌನವಾಗಿ ಹಿಂದಿರುಗಿದರು. ಮಂಗೋಲಿಯದ ಕಡೆಯ ಮರಿಗುದುರೆಯ ಹಾಡು ಏನೆಂಬುದು ನನಗೆ ಅಂದು ಅರ್ಥವಾಯಿತು.

2010ರಲ್ಲಿ ಯುನೆಸ್ಕೋ ಸಂಸ್ಥೆಯು ನಾದಮ್ ಉತ್ಸವವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಹಬ್ಬಕ್ಕೆ ಪಟ್ಟಿ ಬೇಕೋ ಬೇಡವೋ, ಬರೆದಿಡುವ ಕೈಗಳು ಬೇಕು. ಯಾವ ಊರಿನಲ್ಲಿ ಯಾವ ಎಲೆಯಿಂದ ಕರಿಯನ್ನು ಕಟ್ಟುವರು, ಹಗ್ಗವನ್ನು ಹೊಸೆಯುವ ಹಕ್ಕು ಯಾರ ಮನೆಯದು ಎಂಬುದನ್ನು ಹಿರಿಯರಿರುವಾಗಲೇ ವಿದ್ಯಾರ್ಥಿಗಳು ಕೇಳಿ ಬರೆದಿಡಬೇಕು.

ಕಾರಹುಣ್ಣಿಮೆಯಾದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುವುದು. ಎತ್ತಿಲ್ಲದ ಮನೆಯಲ್ಲಿಯೂ ಅಂದು ಮಣ್ಣಿನ ಎತ್ತುಗಳಿಗೆ ಪೂಜೆಯುಂಟು. ಹಟ್ಟಿ ಬರಿದಾದರೂ ಕೃತಜ್ಞತೆ ಬರಿದಾಗಬಾರದೆಂದು ನಮ್ಮ ಹಿರಿಯರು ತಿಳಿದಿದ್ದರೆಂದೇ ನಾನು ಭಾವಿಸುತ್ತೇನೆ.